ದೇವಿಗೆ ಕಣ್ಣು ಬರೆಯುವ ಹೊತ್ತು

ಹರಳೆಣ್ಣೆಯ ದೀಪದ ಮೇಲೆ ಹಿತ್ತಾಳೆ ತಟ್ಟೆಯನ್ನು ಕವುಚಿಟ್ಟರೆ ಸ್ವಲ್ಪ ಹೊತ್ತಿಗೆ ಒಂದು ವಾಸನೆ ಏಳುತ್ತದೆ. ಸುಟ್ಟ ವಾಸನೆಯೂ ಅಲ್ಲ, ಎಣ್ಣೆಯ ವಾಸನೆಯೂ ಅಲ್ಲ, ಎರಡೂ ಸೇರಿ ಗಂಟಲಿಗೆ ಅಂಟುವಂಥದ್ದು. ಪ್ರತಿ ವರ್ಷ ನವರಾತ್ರಿಗೆ ಎರಡು ದಿನ ಮುಂಚೆ ಅಮ್ಮ ಹೀಗೆ ಕಾಡಿಗೆ ಹಿಡಿಯುತ್ತಿದ್ದಳು, ಈಗ ನಾನು ಹಿಡಿಯುತ್ತೇನೆ. ಅಂಗಡಿಯಲ್ಲಿ ಡಬ್ಬಿ ಕಾಡಿಗೆ ಸಿಗುವಾಗ ಈ ಗೋಳು ಯಾಕೆ ಎಂದು ನನ್ನನ್ನು ಕೇಳುವವರಿದ್ದಾರೆ. ಉತ್ತರ ಹೇಳಲು ಈಗ ಆಯಾಸವಾಗುತ್ತದೆ. ತಟ್ಟೆ ಕವುಚಿಟ್ಟು ಗೋಡೆಗೆ ಒರಗಿ ಕೂರುತ್ತೇನೆ, ಆ ವಾಸನೆ ಬಂದ ಕೂಡಲೇ ಕೋಲಾರ ಚಿನ್ನದ ಗಣಿಯವರು ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಗಳಲ್ಲಿ ನಮ್ಮದು ಕಣ್ಣ ಮುಂದೆ ಬರುತ್ತದೆ. ಒಂದೇ ಕೋಣೆ, ತಗಡಿನ ಮಾಡು, ಬಾಗಿಲಲ್ಲಿ ನಿಂತರೆ ಗಣಿಯ ಬಿಳಿ ಮಣ್ಣಿನ ದಿಬ್ಬ. ಗಾಳಿ ಬೀಸಿದರೆ ಆ ಮಣ್ಣು ಅನ್ನದ ತಟ್ಟೆಗೂ ಬರುತ್ತಿತ್ತು. ಮನೆಯಲ್ಲಿ ಇದ್ದದ್ದು ನಾವು ಮೂವರೇ: ಭೂಮಿಯ ಕೆಳಗೆ ಕೆಲಸ ಮಾಡುತ್ತಿದ್ದ ಅಪ್ಪ, ಮನೆಯಲ್ಲಿ ಸದಾ ಏನಾದರೂ ತೊಳೆಯುತ್ತಲೇ ಇದ್ದ ಅಮ್ಮ, ನಾನು.

ಗೊಂಬೆ ಕೂರಿಸುವಷ್ಟು ಜಾಗವೂ ಗೊಂಬೆಗಳೂ ನಮಗಿರಲಿಲ್ಲ. ಇದ್ದದ್ದು ಒಂದು ಕಲಶ, ಒಂದು ತೆಂಗಿನಕಾಯಿ. ಅಮ್ಮ ಆ ಒಂದೇ ಕಾಯಿಯಲ್ಲಿ ಒಂಬತ್ತು ದಿನ ಒಂಬತ್ತು ದೇವಿಯರನ್ನು ಮಾಡುತ್ತಿದ್ದಳು. ದಿನಾ ಬೆಳಿಗ್ಗೆ ಹಿಂದಿನ ದಿನದ ಮುಖವನ್ನು ತೊಳೆದು, ಹೊಸದಾಗಿ ಅರಿಶಿನ ಮೆತ್ತಿ, ಅಕ್ಕಿಹಿಟ್ಟಿನಲ್ಲಿ ಮೂಗು, ತುಟಿ ತಿದ್ದುವಳು. ಅನ್ನಪೂರ್ಣೆಯಾದ ದಿನ ದೇವಿಯ ಪಕ್ಕಕ್ಕೆ ನಮ್ಮ ಮನೆಯ ಸೌಟು ಬರುತ್ತಿತ್ತು, ಆ ಹೊತ್ತಿಗೆ ಸಾರು ಬಡಿಸಲು ಲೋಟವೇ ಗತಿ. ಸರಸ್ವತಿಯಾದ ದಿನ ನನ್ನ ಸ್ಲೇಟು. ಎಂಟನೆಯ ದಿನ ಕಾಳಿ. ಅವತ್ತು ಅರಿಶಿನದ ಮೇಲೆ ಇದ್ದಿಲ ಪುಡಿ ಸವರಿ, ಬಾಯಿಗೆ ಕೆಂಪು ದಾಸವಾಳದ ಎಸಳೊಂದನ್ನು ನಾಲಿಗೆಯಾಗಿ ಅಂಟಿಸುವಳು. ಅಷ್ಟು ಹೊತ್ತಿಗೆ ಅಮ್ಮನ ಸೊಂಟ ಸೋತಿರುತ್ತಿತ್ತು. ಬೀದಿ ನಲ್ಲಿಯಲ್ಲಿ ಸಾಲು ನಿಂತು ನೀರು ತರಬೇಕು, ಗುಗ್ಗರಿ ಬೇಯಿಸಬೇಕು, ಅರಿಶಿನ ಕುಂಕುಮಕ್ಕೆ ಬಂದವರನ್ನು ನಗುನಗುತ್ತಾ ಮಾತಾಡಿಸಬೇಕು. ಹಬ್ಬವೆಂದರೆ ನನ್ನ ನೆನಪಿಗೆ ಬರುವುದು ಅಮ್ಮ ಗೋಡೆ ಹಿಡಿದು ಏಳುತ್ತಿದ್ದದ್ದು.

ಮುಖವೆಲ್ಲ ಬೆಳಿಗ್ಗೆಯೇ ಮುಗಿದರೂ ಕಣ್ಣು ಮಾತ್ರ ಬರೆಯುತ್ತಿರಲಿಲ್ಲ. ಅಪ್ಪ ಶಿಫ್ಟು ಮುಗಿಸಿ ಮೇಲೆ ಬಂದು, ಮನೆ ಸೇರಿ, ಮೈ ತೊಳೆದು, ದೇವಿಯ ಎದುರು ಮಣೆಯ ಮೇಲೆ ಕೂರಬೇಕು. ನಾನು ಅಪ್ಪನ ಪಕ್ಕ. ಆಗ ಅಮ್ಮ ಕಲಶದ ಮಗ್ಗುಲಲ್ಲಿ ಕುಳಿತು, ಕಡ್ಡಿಯನ್ನು ಕಾಡಿಗೆಯಲ್ಲಿ ಅದ್ದಿ ಪಕ್ಕದಿಂದಲೇ ಕಣ್ಣು ಬರೆದು, ತಟ್ಟನೆ ಬಂದು ನಮ್ಮ ಜೊತೆ ಸೇರಿಕೊಳ್ಳುವಳು. ಅಲ್ಲಿಯವರೆಗೆ ಆರತಿಯಿಲ್ಲ, ಗುಗ್ಗರಿ ಮುಟ್ಟುವಂತಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಕಣ್ಣು ಬಿಟ್ಟ ಕೂಡ್ಲೇ ಅವಳು ಮನೇಲಿ ಎಷ್ಟು ಜನ ಅವ್ರೆ ಅಂತ ಎಣಿಸ್ಕಂತಾಳೆ ಪಾಪಾ. ನಿಮ್ಮಪ್ಪ ಕೆಳಗಿರೋವಾಗ ಕಣ್ಣು ಕೊಟ್ರೆ, ಇವರು ಇಷ್ಟೇ ಅಂದ್ಕಂಬುಡ್ತಾಳೆ," ಎಂದಿದ್ದಳು. ಬೂದಿಕೋಟೆಯ ಕಡೆ ಹೊಲಗದ್ದೆಯ ನಡುವೆ ಬೆಳೆದ ಅಮ್ಮನಿಗೆ ಈ ಪದ್ಧತಿಯನ್ನು ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಗಂಡನನ್ನು ದಿನಾ ಭೂಮಿಯೊಳಗೆ ಕಳಿಸಿಕೊಡುವ ಹೆಂಗಸರೇ ಮಾಡಿಕೊಂಡದ್ದಿರಬೇಕು.

ನನಗೆ ಒಂಬತ್ತು ವರ್ಷ ತುಂಬಿದ್ದ ವರ್ಷದ ಎಂಟನೆಯ ದಿನ. ದಸರೆ ರಜೆ. ಮಧ್ಯಾಹ್ನ ಅಮ್ಮ ಕೊಡ ತೆಗೆದುಕೊಂಡು ನಲ್ಲಿಗೆ ಹೋಗಿದ್ದಳು. ಅಪ್ಪ ಬರಲು ಇನ್ನೂ ಒಂದು ತಾಸಿತ್ತು. ಕಡಲೆಕಾಳಿನ ಗುಗ್ಗರಿಯ ಒಗ್ಗರಣೆ ಘಮಘಮ ಎನ್ನುತ್ತಿತ್ತು. ಹಸಿವು ತಡೆಯಲಾಗದೆ ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಅಮ್ಮನಿಗಿಂತ ನಾನು ಚೆನ್ನಾಗಿ ಬರೆಯುತ್ತೇನೆ ಎಂಬ ಜಂಬ ಇನ್ನರ್ಧ. ಕಡ್ಡಿ ತೆಗೆದುಕೊಂಡೆ, ದೇವಿಯ ಎದುರಿಗೇ ಕುಳಿತೆ, ಆ ಕಪ್ಪು ಮುಖಕ್ಕೆ ಸುಣ್ಣದಲ್ಲಿ ಬಿಳಿ ಇಟ್ಟು, ನಡುವೆ ಕಾಡಿಗೆಯ ಗುಡ್ಡೆ ಬರೆದೆ. ನಿಜಕ್ಕೂ ಚೆನ್ನಾಗಿಯೇ ಬಂದಿತ್ತು. ಕಾಳಿ ನನ್ನನ್ನೇ ನೋಡುತ್ತಿದ್ದಳು. ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೇನೆ ಎಂಬುದು ಆಗಲೇ ನನಗೆ ಹೊಳೆದದ್ದು.

ಕಡ್ಡಿ ಕೆಳಗಿಟ್ಟು ಎಷ್ಟು ಹೊತ್ತಾಗಿತ್ತೋ, ನೆಲ ಗುಡುಗಿತು. ಕೆಳಗೆಲ್ಲೋ ಬಂಡೆ ಸಿಡಿದಾಗ ನಮ್ಮಲ್ಲಿ ಹೀಗೆ ಆಗಾಗ ನಡುಗುವುದಿತ್ತು, ಆದರೆ ಅವತ್ತಿನಂತೆ ಎಂದೂ ಆಗಿರಲಿಲ್ಲ. ತಗಡು ಬಡಿದುಕೊಂಡಿತು, ಗೂಡಿನಲ್ಲಿದ್ದ ಪಾತ್ರೆಗಳು ಒಂದೊಂದಾಗಿ ಉರುಳಿದವು. ಕಲಶ ಮಾತ್ರ ಕದಲಲಿಲ್ಲ. ಲೈನಿನ ಹೆಂಗಸರೆಲ್ಲ ಕೂಗುತ್ತಾ, ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡತೊಡಗಿದರು. ಅಮ್ಮ ನಲ್ಲಿಯ ಹತ್ತಿರವೇ ಕೊಡ ಬಿಟ್ಟು ನನ್ನನ್ನು ನೋಡಲು ಮನೆಗೆ ಓಡಿ ಬಂದಳು. ಬಂದವಳು ದೇವಿಯ ಕಣ್ಣು ನೋಡಿದಳು. ಬಯ್ಯಲಿಲ್ಲ, ಹೊಡೆಯಲಿಲ್ಲ. ಒದ್ದೆ ಸೆರಗಿನಿಂದ ಆ ಎರಡು ಕಣ್ಣನ್ನೂ ತಿಕ್ಕಿ ಒರೆಸಿಬಿಟ್ಟಳು. ಇದ್ದಿಲೂ ಕಿತ್ತು ಬಂದು ಕಣ್ಣಿದ್ದಲ್ಲಿ ಎರಡು ಹಳದಿ ಗುಳಿ ಕಾಣಿಸಿದವು. ಬರೆದ ಕಣ್ಣನ್ನು ಪೂಜೆಗೆ ಮುಂಚೆ ಯಾರೂ ಒರೆಸುವುದಿಲ್ಲ, ಅದು ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಮೇಲೆ ಅವಳೂ ಓಡಿದಳು.

ನನ್ನನ್ನು ಪಕ್ಕದ ಮನೆಯ ಕನ್ನಿಯಮ್ಮ ಮಡಿಲಲ್ಲಿ ಕೂರಿಸಿಕೊಂಡರು. ವಯಸ್ಸಾದ ತಮಿಳು ಹೆಂಗಸು, ಅವರ ಗಂಡ ಎಂದೋ ಗಣಿಯಲ್ಲೇ ಹೋದವರು. "ಅಳಾದೆ ಪಾಪಾ, ಅಪ್ಪಾ ವಂದುಡುವಾರು," ಎಂದು ಬೆನ್ನು ತಟ್ಟುತ್ತಲೇ ಇದ್ದರು. ಅಪ್ಪ ಬರುತ್ತಾರೆ ಎಂದು ಅವರು ಹೇಳಿದಷ್ಟೂ ನನಗೆ ಭಯ ಹೆಚ್ಚುತ್ತಿತ್ತು. ನಾನೇ ಕೊಂದೆ ಎಂದು ಹೇಳಿಬಿಡಬೇಕೆನಿಸಿತು, ಅವರ ಸೆರಗಿನಲ್ಲಿ ಮುಖ ಹುದುಗಿಸಿಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ನಡೆದುಕೊಂಡು ಬಂದರು, ಹಿಂದೆ ಅಮ್ಮ. ಪಕ್ಕದ ಲೈನಿನ ಒಬ್ಬರು ಅವತ್ತು ಬರಲಿಲ್ಲ. ಅಪ್ಪ ಮೈ ತೊಳೆದು ಮಣೆಯ ಮೇಲೆ ಕುಳಿತು, "ಏನೇ, ಇನ್ನೂ ಕಣ್ಣೇ ಬರ್ದಿಲ್ಲ?" ಎಂದರು. "ನೀವು ಬರ್ಲಿ ಅಂತ ಕಾಯ್ತಿದ್ದೆ," ಎಂದಳು ಅಮ್ಮ. ಅವತ್ತು ಅವಳು ಬರೆದ ಒಂದು ಕಣ್ಣು ದೊಡ್ಡದಾಯಿತು, ಇನ್ನೊಂದು ಓರೆಯಾಯಿತು. "ಕಾಳವ್ವ ಮೆಳ್ಳಗಣ್ಣು ಬಿಟ್ಟವ್ಳೆ ನೋಡು ಪಾಪಾ," ಎಂದು ಅಪ್ಪ ನಕ್ಕರು, ನಗುತ್ತಾ ಕೆಮ್ಮಿದರು. ಆ ಕೆಮ್ಮು ನಮ್ಮ ಮನೆಯಲ್ಲಿ ಹೊಸದೇನಲ್ಲ. ನಾನು ಮಾತ್ರ ಅವತ್ತಿನಿಂದ ಅದನ್ನು ಕಿವಿಗೊಟ್ಟು ಕೇಳತೊಡಗಿದೆ.

ಅಪ್ಪ ಇನ್ನೂ ಆರು ವರ್ಷ ಇದ್ದರು. ಕಲ್ಲಿನ ಧೂಳು ಎದೆಗೆ ಇಳಿದಿದೆ ಎಂದರು ಡಾಕ್ಟರು. ಕೊನೆಕೊನೆಗೆ ಮಲಗಲೂ ಆಗದೆ ಗೋಡೆಗೆ ಒರಗಿ ಕುಳಿತೇ ಇರುತ್ತಿದ್ದರು. ಅಪ್ಪ ಹೋದ ಮೇಲೆ ಲೈನ್ ಮನೆ ಬಿಟ್ಟುಕೊಡಬೇಕಾಯಿತು. ಬಂಗಾರಪೇಟೆಯ ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ಕೋಣೆ ಹಿಡಿದೆವು. ಆ ವರ್ಷದ ನವರಾತ್ರಿಗೆ ಅಮ್ಮ ಕಲಶವಿಟ್ಟಳು, ದಿನಾ ಮುಖ ತೊಳೆದು ದಿನಾ ಮುಖ ಮಾಡಿದಳು, ಒಂದು ದಿನವೂ ಕಣ್ಣು ಬರೆಯಲಿಲ್ಲ. ಎಂಟನೆಯ ದಿನ ತಡೆಯಲಾರದೆ ಕೇಳಿದೆ. ತನ್ನ ಬಲಗೈಯನ್ನು ಮುಂದೆ ಚಾಚಿ, "ಕೊಟ್ಟ ಕಣ್ಣು ಒರೆಸಿದ ಕೈ ಕಣೇ ಇದು. ನಾನು ಅವತ್ತು ಒರೆಸ್ದೆ, ಅವಳು ನಿಮ್ಮಪ್ಪನ ಉಸಿರು ಒರೆಸಿದ್ಲು," ಎಂದಳು.

ಆರು ವರ್ಷ ನಾನು ಬರೆದದ್ದೇ ತಪ್ಪು ಎಂದು ನಾನು ಬೆಂದಿದ್ದೆ. ಒರೆಸಿದ್ದೇ ತಪ್ಪು ಎಂದು ಅವಳು ಬೆಂದಿದ್ದಳು. ಒಂದೇ ಕೋಣೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿ, ಒಬ್ಬರಿಗೊಬ್ಬರು ಹೇಳಲಿಲ್ಲ. "ಅಮ್ಮಾ, ಅದು ಧೂಳು ಕಣಮ್ಮಾ, ಧೂಳು," ಎಂದೆ. ಅವಳು ನಂಬಲಿಲ್ಲ. ನಾನೂ ಪೂರ್ತಿ ನಂಬಿರಲಿಲ್ಲ. ಕೈ ಹಿಡಿದು ಎಬ್ಬಿಸಿ ದೇವಿಯ ಎದುರು ಮಣೆಯ ಮೇಲೆ ಕೂರಿಸಿದೆ. ಬೇಡ ಬೇಡ ಎಂದರೂ ಬಿಡಲಿಲ್ಲ. ಮಗ್ಗುಲಲ್ಲಿ ಕುಳಿತು ಪಕ್ಕದಿಂದ ಎರಡು ಕಣ್ಣನ್ನೂ ಬರೆದು, ಓಡಿ ಹೋಗಿ ಅಮ್ಮನ ಪಕ್ಕ ಕುಳಿತೆ. ಅಮ್ಮ ತಲೆ ಎತ್ತಿ ನೋಡಿದಳು. ಅಪ್ಪ ಹೋದಾಗ ಅಳದಿದ್ದವಳು ಅವತ್ತು ಅತ್ತಳು.

ಅಮ್ಮ ಹೋಗಿಯೂ ಬಹಳ ವರ್ಷವಾಯಿತು. ಗಣಿ ನಿಂತಿದೆ, ಈಗ ಯಾರೂ ಕೆಳಗೆ ಇಳಿಯುವುದಿಲ್ಲ, ಯಾರೂ ಮೇಲೆ ಬರಬೇಕಾಗಿಲ್ಲ. ಅವತ್ತು ನಾನು ಬರೆದ ಕಣ್ಣು ನನ್ನೊಬ್ಬಳನ್ನೇ ಎಣಿಸಿಕೊಂಡಿತ್ತು, ಕೊನೆಗೆ ಉಳಿದವಳೂ ನಾನೊಬ್ಬಳೇ. ಅದಕ್ಕೆ ಅರ್ಥವೇನೂ ಇಲ್ಲ ಎಂದು ಗೊತ್ತು, ಆದರೂ ಹಬ್ಬದ ದಿನಗಳಲ್ಲಿ ಮನಸ್ಸು ಅಲ್ಲಿಗೇ ಹೋಗುತ್ತದೆ. ಈಗಲೂ ಬೆಳಿಗ್ಗೆ ಮುಖ ಮಾಡಿ, ಅಪ್ಪ ಬರುತ್ತಿದ್ದ ಹೊತ್ತಿನವರೆಗೆ ಕಾಯುತ್ತೇನೆ. ಆಮೇಲೆ ದೇವಿಯ ಎದುರಿಗೆ ಅಪ್ಪನಿಗೊಂದು, ಅಮ್ಮನಿಗೊಂದು ಮಣೆ ಹಾಕಿ, ಪಕ್ಕದಲ್ಲಿ ಕುಳಿತು ಕಣ್ಣು ಬರೆಯುತ್ತೇನೆ.