ನೀಲಕ್ಕನ ದನಿ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುವ ನೀಲಕ್ಕನಿಗೆ ಓದು ಬರಹ ಬಾರದು. ಆದರೂ ತಳ್ಳುಗಾಡಿಯವರ ಸಂಘದಲ್ಲಿ ಅವಳ ಮಾತಿಗೆ ಇದ್ದ ಬೆಲೆ ಅಧ್ಯಕ್ಷರ ಸಹಿಗೂ ಇರಲಿಲ್ಲ. ಸಭೆಯಿರಲಿ, ಸಾವಿರಲಿ, ವಾಟ್ಸಾಪಿನಲ್ಲಿ ಸುದ್ದಿ ಅವಳ ದನಿಯಲ್ಲೇ ಬರಬೇಕು. "ನಾನು ನೀಲಕ್ಕ ಮಾತಾಡೋದು" ಅಂದರೆ ಮುಗಿಯಿತು, ಯಾರೂ ಮರುಮಾತಾಡುತ್ತಿರಲಿಲ್ಲ.

ಆ ಸಲ ಪಾಲಿಕೆ ಚುನಾವಣೆಗೆ ಗಾಡಿಯವರೂ ಮಂಡಕ್ಕಿ ಹುರಿಯುವ ಭಟ್ಟಿಯವರೂ ಸೇರಿ ಎಲೆ ಅಡಿಕೆ ಮಾರುವ ಅಜ್ಜಪ್ಪನನ್ನು ನಿಲ್ಲಿಸಿದ್ದರು. ಗೆದ್ದರೆ ಗಾಡಿಗಳಿಗೆ ಕಾಯಂ ಜಾಗ. ಹಿಂದೂ, ಮುಸ್ಲಿಂ ಅನ್ನದೆ ಒಟ್ಟಿಗೆ ಮನೆಮನೆ ಸುತ್ತುತ್ತಿದ್ದರು, ನೋಡಲು ಚೆಂದವಿತ್ತು.

ಮತದಾನಕ್ಕೆ ಹತ್ತು ದಿನವಿದ್ದಾಗ ಒಂದು ವಿಡಿಯೋ ಬಂತು. ಗಡ್ಡದವನೊಬ್ಬ ಅಕ್ಕಿಗೆ ಬಿಳಿ ಪುಡಿ ಸುರಿಯುತ್ತಿದ್ದ. ದಾವಣಗೆರೆ ಭಟ್ಟಿಗಳಲ್ಲಿ ವಿಷ ಬೆರೆಸುತ್ತಿದ್ದಾರೆ ಎಂದು ಹೆಣ್ಣು ದನಿಯೊಂದು ಒಣ ಕನ್ನಡದಲ್ಲಿ ಹೇಳುತ್ತಿತ್ತು. ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ತನ್ನ ಗಾಡಿಗೆ ಬರುವ ಮಕ್ಕಳನ್ನು ನೆನೆದು ನೀಲಕ್ಕ ಹೆದರಿದಳು.

"ನಾನು ನೀಲಕ್ಕ ಮಾತಾಡೋದು. ಭಟ್ಟಿ ಮಂಡಕ್ಕಿ ಸದ್ಯಕ್ಕ ಬ್ಯಾಡ್ರಿ, ವಿಷ ಐತಂತೆ."

ಸಂಜೆಯೊಳಗೆ ಆ ದನಿ ಹರಿಹರ ಮುಟ್ಟಿತು.

ವಿಡಿಯೋದಲ್ಲಿದ್ದ ಆ ಪುಡಿ ಅಂದರೆ ಉಪ್ಪು. ಹುರಿಯುವ ಮೊದಲು ಉಪ್ಪು ಬೆರೆಸದಿದ್ದರೆ ಮಂಡಕ್ಕಿ ಸರಿಯಾಗಿ ಅರಳುವುದಿಲ್ಲ. ತಾನು ಮಂಡಕ್ಕಿ ಕೊಳ್ಳುವ ಕರೀಂ ಸಾಬರ ಭಟ್ಟಿಯಲ್ಲಿ ಕೂತು ಹದಿನೆಂಟು ವರ್ಷ ಅದನ್ನೇ ನೋಡಿದ್ದಳು ಈ ಪುಣ್ಯಾತ್ಗಿತ್ತಿ. ಕಣ್ಣಾರೆ ಕಂಡದ್ದನ್ನು ಬಿಟ್ಟು ಫೋನನ್ನು ನಂಬಿದಳಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಭಟ್ಟಿಯವರು ಮುನಿಸಿಕೊಂಡು ಬೇರೆಯವರಿಗೆ ಓಟು ಹಾಕಿದರು. ಅಜ್ಜಪ್ಪ ನಲವತ್ತೊಂದು ಓಟಿನಿಂದ ಸೋತ. ಗಾಡಿಗಳು ಈಗಲೂ ದಿನಕ್ಕೊಂದು ಮೂಲೆಯಲ್ಲಿ ನಿಲ್ಲುತ್ತವೆ.

ತಿಂಗಳಾದ ಮೇಲೆ ಪೊಲೀಸರು ಹೇಳಿದರು, ವಿಡಿಯೋ ಹಾಕಿದ ಪೇಜು ನಡೆಯುವುದು ಹೊರದೇಶದಿಂದ. ಅದೇ ವಿಡಿಯೋವನ್ನು ಐದು ರಾಜ್ಯಗಳಲ್ಲಿ ಐದು ಊರಿನ ಹೆಸರು ಹಾಕಿ ಹರಿಬಿಟ್ಟಿದ್ದಾರೆ. ದಾವಣಗೆರೆ ಯಾವ ದಿಕ್ಕಿಗಿದೆ ಎಂದೂ ಅವರಿಗೆ ಗೊತ್ತಿರಲಿಕ್ಕಿಲ್ಲ. ನೀಲಕ್ಕ ಮತ್ತೆ ಮಾತಾಡಿ ಕಳಿಸಿದಳು, ನಾನು ಹೇಳಿದ್ದು ಸುಳ್ಳು ಅಂತ. ಅದನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ.

ಕೊನೆಗೆ ಅವಳೇ ಭಟ್ಟಿಗೆ ಹೋದಳು. ಕರೀಂ ಸಾಬರು ಎಂದಿನಂತೆ ಚೀಲ ಹಾಸಿ ಕೂರಿಸಿದರು.

"ಹೊರದೇಶದೋರು ಮಾಡಿದ್ದಂತೆ ಸಾಬ್ರೇ," ಅಂದಳು.

"ಆ ವಿಡಿಯೋ ನಮ್ಮನೆಯಾಗೂ ನೋಡಿದ್ರು ನೀಲಕ್ಕ, ನಕ್ಕು ಸುಮ್ನಾದ್ರು," ಎಂದರು ಕರೀಂ ಸಾಬರು. "ನಿನ್ನ ದನಿ ಕೇಳಿದ ಮ್ಯಾಲೆ ನನ್ನ ಸೊಸೆ ಸಾಯಿಮಾ ಬಂದು ನನ್ನೇ ಕೇಳಿದ್ಲು, ಹೌದಾ ಅಂತ."