ಆಕಾಶನೀಲಿ ಹೊಲಿಗೆ ಮಿಷನ್ನು

ನನ್ನ ಗಂಡ ಹಳೆಯ ಯಂತ್ರಗಳ ಭಕ್ತ. ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಅವನದೊಂದು ಗುಡಿಯೇ ಇದೆ. ಮಹಾಯುದ್ಧ ಮುಗಿದ ಮೇಲೆ, ಐವತ್ತರ ದಶಕದಲ್ಲಿ, ಅಮೆರಿಕದ ಗೃಹಿಣಿಯರಿಗೆಂದು ಮಾಡಿದ ಸಾಮಾನುಗಳೆಲ್ಲ ಅಲ್ಲಿ ಕೂತಿವೆ. ಕಾರಿನ ಮೂತಿಯ ಟೋಸ್ಟರ್, ರಾಕೆಟ್ಟಿನಂತೆ ನಿಂತ ವ್ಯಾಕ್ಯೂಮ್ ಕ್ಲೀನರ್, ಮಗುವಿನ ಕೈ ಸಲೀಸಾಗಿ ಒಳಗೆ ಹೋಗುವಷ್ಟು ಸಂದಿಯ ಟೇಬಲ್ ಫ್ಯಾನು. ಆ ಫ್ಯಾನು ಕಂಡಾಗಲೆಲ್ಲ ನನಗೆ ಮಗಳ ಬೆರಳುಗಳು ನೆನಪಾಗುತ್ತವೆ. ಅವನಿಗೆ ಕಾಣುವುದು ಅದರ ರೇಖೆ ಮಾತ್ರ. “ಲುಕ್ ಅಟ್ ದಟ್ ಲೈನ್,” ಎಂದು ಬಂದ ಅತಿಥಿಗಳನ್ನೆಲ್ಲ ಕೆಳಗೆ ಎಳೆದೊಯ್ಯುತ್ತಾನೆ. ಪಾಪ, ಅವರು ಊಟಕ್ಕೆಂದು ಬಂದವರು.

ಆ ಕಾಲದ ಪ್ರಾಮಾಣಿಕತೆಯ ಬಗ್ಗೆ ಭಾಷಣ ಬೇರೆ. ಎಂಥ ಪ್ರಾಮಾಣಿಕತೆ! ಯಂತ್ರ ಅದೇ, ಒಳಗಿನ ಮೋಟಾರು ಅದೇ. ಹೊಸ ವರ್ಷ ಬಂದೊಡನೆ ಮೇಲಿನ ಬಣ್ಣ ಬದಲಾಯಿಸಿ, ಪಕ್ಕದ ಮನೆಯಾಕೆಯ ಗುಲಾಬಿ ಫ್ರಿಜ್ಜಿನ ಮುಂದೆ ಇವಳ ಬಿಳಿ ಫ್ರಿಜ್ಜಿಗೆ ನಾಚಿಕೆ ಹುಟ್ಟಿಸುವುದು. ಅವನು ಅದನ್ನು ಡಿಸೈನ್ ಎನ್ನುತ್ತಾನೆ. ನಮ್ಮ ಕಡೆ ಅದಕ್ಕೆ ಟೋಪಿ ಹಾಕುವುದು ಎನ್ನುತ್ತೇವೆ.

ಗುಡಿಯ ಮೂಲದೇವರು ಒಂದು ಹೊಲಿಗೆ ಮಿಷನ್ನು. ಆಕಾಶನೀಲಿ ಮೈ, ಕ್ರೋಮಿನ ಪಟ್ಟಿ, ದಂತದ ಬಣ್ಣದ ಪ್ಲಾಸ್ಟಿಕ್ ಗುಂಡಿಗಳು. ಚೆನ್ನಾಗಿ ಓಡುತ್ತದೆ, ಆದರೆ ಓಡಿಸುವಂತಿಲ್ಲ. ಸವೆಯುತ್ತದಂತೆ.

ಆ ಶರತ್ಕಾಲದಲ್ಲಿ ಅಮ್ಮ ಮೈಸೂರಿನಿಂದ ಬಂದಳು. ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ ಕರಿ ಮಿಷನ್ನು ತುಳಿದು, ಇಡೀ ಬೀದಿಯ ರವಿಕೆ ಹೊಲಿದು ನನ್ನನ್ನು ಓದಿಸಿದವಳು. ಮೊಮ್ಮಗಳಿಗೆಂದು ಜರಿಯಂಚಿನ ರೇಷ್ಮೆ ಬಟ್ಟೆ ತಂದಿದ್ದಳು. ದೀಪಾವಳಿ ಮುಗಿಯುತ್ತಲೇ ಹೊರಡುವವಳು, ಅಷ್ಟರೊಳಗೆ ಲಂಗ ಜಾಕೀಟು ಹೊಲಿದು ಮಗುವಿಗೆ ತೊಡಿಸಿ ನೋಡಬೇಕೆಂಬುದೊಂದೇ ಅವಳ ಆಸೆ.

ಬೇಸ್‌ಮೆಂಟಿಗೆ ಇಳಿದವಳು ಟೋಸ್ಟರು ರಾಕೆಟ್ಟುಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ನೇರ ಮಿಷನ್ನಿನ ಹತ್ತಿರ ಹೋಗಿ ಚಕ್ರವನ್ನು ಅರ್ಧ ಸುತ್ತು ತಿರುಗಿಸಿದಳು. “ಈ ದೀಪ ನೋಡೇ, ಬೆಳಕು ಸೂಜಿ ಮೇಲೇ ಬೀಳೋ ಹಾಗೆ ಇಟ್ಟಿದಾರೆ. ಯಾರೋ ಹೊಲಿಯೋ ಹೆಂಗಸನ್ನ ಕೇಳಿ ಮಾಡಿರ್ಬೇಕು,” ಎಂದಳು. ಗಂಡ ಇಷ್ಟು ವರ್ಷ ಮಾಡಿದ ಭಾಷಣಗಳಲ್ಲಿ ಆ ದೀಪದ ಸುದ್ದಿಯೇ ಬಂದಿರಲಿಲ್ಲ.

ಅವನು ಓಡಿ ಬಂದ. ನ್ಯೂಜೆರ್ಸಿಯಲ್ಲೇ ಹುಟ್ಟಿದ ಕನ್ನಡಿಗರ ಮಗ, ಅವನ ಕನ್ನಡ “ಊಟ ಆಯ್ತಾ”ಗೆ ಮುಗಿಯುತ್ತದೆ. “ಪ್ಲೀಸ್ ಟೆಲ್ ಹರ್ ನಾಟ್ ಟು ಟಚ್ ಇಟ್,” ಎಂದ.

ನಾನು ಹೇಳಿದೆ. “ಅಮ್ಮ, ಅದನ್ನ ಮುಟ್ಬೇಡ.”

ಅಮ್ಮ ಕೈ ತೆಗೆದಳು. ಮರುದಿನದಿಂದ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಲಂಗವನ್ನು ಕೈಯಲ್ಲೇ ಹೊಲಿಯತೊಡಗಿದಳು. ಕಣ್ಣು ಮಂಜು. ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ ನಾನು ಏಳೆಂಟು ಸೂಜಿಗೆ ದಾರ ಪೋಣಿಸಿಟ್ಟು ಹೋಗುತ್ತಿದ್ದೆ. ಇನ್ನೊಂದು ಮಿಷನ್ನು ತರುತ್ತೇನೆಂದರೆ, “ಮನೇಲಿ ಒಂದಿರುವಾಗ ಇನ್ನೊಂದ್ಯಾಕೆ?” ಎಂದಳು. ಗಂಡನೊಡನೆ ಜಗಳವಾಡಬಹುದಿತ್ತು. ಆಡಲಿಲ್ಲ. ಮನಸ್ಸಿನಲ್ಲೇ ಅವನನ್ನು ಹೀನಾಯವಾಗಿ ಬೈದುಕೊಂಡು ಟ್ರೈನ್ ಹಿಡಿಯುತ್ತಿದ್ದೆ.

ಆಯುಧಪೂಜೆ ಬಂತು. ನಾವಿಬ್ಬರೂ ಮ್ಯಾನ್‌ಹಟ್ಟನ್ನಿಗೆ ಕೆಲಸಕ್ಕೆ ಹೋಗಿದ್ದೆವು, ಮಗಳು ಸ್ಕೂಲಿಗೆ. ಸಂಜೆ ಬಂದು ನೋಡಿದರೆ ಕುಕ್ಕರಿಗೆ, ಮಿಕ್ಸಿಗೆ, ಗರಾಜಿನಲ್ಲಿದ್ದ ಕಾರಿಗೆ ಕುಂಕುಮ. ಬೇಸ್‌ಮೆಂಟಿನಿಂದ ಊದುಬತ್ತಿಯ ವಾಸನೆ. ಅಮ್ಮ ಮಿಷನ್ನಿನ ಮೈ ಒರೆಸಿ, ಎಣ್ಣೆ ಬಿಟ್ಟು, ಅಂಗಳದ ಸೇವಂತಿಗೆ ಏರಿಸಿ, ಆ ದಂತದ ಬಣ್ಣದ ಗುಂಡಿಗಳಿಗೆ ಒಂದೊಂದಕ್ಕೂ ತೇವದ ಅರಿಶಿನ ಹಚ್ಚಿ ಕುಂಕುಮ ಇಟ್ಟಿದ್ದಳು.

ಗಂಡ ಸೋಪು ತಂದ, ಸ್ಪಿರಿಟ್ ತಂದ. ಕುಂಕುಮ ಹೋಯಿತು, ಅರಿಶಿನ ಹೋಗಲಿಲ್ಲ. ಹಳೆಯ ಪ್ಲಾಸ್ಟಿಕ್ಕು ಅದನ್ನು ಕುಡಿದುಬಿಟ್ಟಿತ್ತು. ಶನಿವಾರ ಅವನಂಥವರೇ ನಾಲ್ಕು ಜನ ಭಕ್ತರು ಫೋಟೋ ತೆಗೆಯಲು ಬರುವವರಿದ್ದರು. “ಹೂ ಡಸ್ ದಿಸ್? ಹೂ ಪುಟ್ಸ್ ಟರ್ಮರಿಕ್ ಆನ್ ಅ ಮಷೀನ್?” ಎಂದು ಕಿರುಚಿದ. ನನಗೆ ನಗು ಬಂತು. ಅರವತ್ತು ಎಪ್ಪತ್ತು ವರ್ಷದ ಯಂತ್ರಕ್ಕೆ ಮೊದಲ ಬಾರಿ ಯಾರೋ ಮರ್ಯಾದೆ ಕೊಟ್ಟಿದ್ದರು, ಅದು ಅವನಿಗೆ ಹಳದಿ ಕಲೆಯಾಗಿ ಕಂಡಿತ್ತು.

ಗಲಾಟೆ ಕೇಳಿ ಅಮ್ಮ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಲಂಗ, ಅದರಲ್ಲಿ ಸಿಕ್ಕಿಸಿದ ಸೂಜಿ. ಅಳಿಯನನ್ನೇ ನೋಡಿಕೊಂಡು, ದನಿ ಏರಿಸದೆ ಹೇಳಿದಳು:

“ಮುಟ್ಬೇಡಿ ಅಂದ್ರಿ, ಹೊಲೀಲಿಲ್ಲ. ಪೂಜೆ ಬೇಡ ಅಂತ ಯಾರೂ ಹೇಳಿರ್ಲಿಲ್ವಲ್ಲ. ನಮ್ಮಲ್ಲಿ ವರ್ಷವೆಲ್ಲ ದುಡಿಯೋ ಸಾಮಾನಿಗೆ ಒಂದಿನ ಪೂಜೆ ಮಾಡ್ತೀವಿ. ನೀವು ದುಡಿಯೋ ಸಾಮಾನನ್ನ ಸುಮ್ನೆ ಕೂರಿಸಿ ವರ್ಷವೆಲ್ಲ ಪೂಜೆ ಮಾಡ್ತೀರ.”

ಗಂಡ ನನ್ನ ಕಡೆ ತಿರುಗಿದ. “ವಾಟ್ ಡಿಡ್ ಶೀ ಸೇ?”

ಇಷ್ಟು ವರ್ಷ ನಾನು ಅವನಿಗೆ ಹೇಳಬೇಕೆಂದು ಒಳಗೇ ಇಟ್ಟುಕೊಂಡಿದ್ದ ಮಾತು ಅದು. ಅಮ್ಮ ಆಡಿ ಮುಗಿಸಿದ್ದಳು, ನಾನು ಇಂಗ್ಲಿಷಿಗೆ ತಂದರೆ ಸಾಕಿತ್ತು.

“ಶೀ ಈಸ್ ಸಾರಿ,” ಎಂದೆ.

ಅವನು ತುಸು ತಣ್ಣಗಾದ. “ಇಟ್ಸ್ ಓಕೆ,” ಎಂದು ಮತ್ತೆ ಗುಂಡಿ ಉಜ್ಜತೊಡಗಿದ. ಅಮ್ಮನಿಗೆ ಬರುವ ಇಂಗ್ಲಿಷ್ ಶಬ್ದಗಳು ಕೆಲವೇ ಕೆಲವು. ಲೈನಿಂಗ್, ಫಾಲ್ಸ್, ಬಾಬಿನ್. ಥ್ಯಾಂಕ್ಯೂ. ಸಾರಿ.

“ಸಾರಿ ಅಂತ ನಾನೆಲ್ಲಿ ಅಂದೆ?” ಎಂದು ಅಮ್ಮ ನನ್ನನ್ನು ಕೇಳಿದಳು.

ನಾನು ಕೆಳಗೆ ಬಿದ್ದಿದ್ದ ಸೇವಂತಿಗೆ ಹೆಕ್ಕತೊಡಗಿದೆ. ಅವಳು ದಾರ ಮುಗಿದ ಸೂಜಿಯನ್ನು ನನ್ನ ಕೈಗೆ ಕೊಟ್ಟಳು. “ಪೋಣ್ಸು. ನಿನ್ನಿಂದಾಗೋದು ಅಷ್ಟೇ ತಾನೆ.”