ಅತ್ತೆ ಮುರಿದ ಉಪವಾಸ

ಯೇಸುವಿನ ಹೆಸರಿನಲ್ಲಿ ಒಂದೇ ಮನೆಯವರಾದ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಕಳೆದ ಡಿಸೆಂಬರಿನಲ್ಲಿ ನಾನು ಮನೆಯಲ್ಲೊಂದು, ಕೆಲಸದ ಜಾಗದಲ್ಲೊಂದು ಸುಳ್ಳು ಹೇಳಿಕೊಂಡು ಓಡಾಡುತ್ತಿದ್ದೆ. ಅಂಗನವಾಡಿಯಲ್ಲಿ "ಮನೆಗೆ ಹೋಗಿ ಅತ್ತೆ ಜೊತೆ ಉಣ್ತೀನಿ" ಎನ್ನುತ್ತಿದ್ದೆ. ಮನೆಗೆ ಬಂದು "ತಿಂಡಿ, ಊಟ ಎಲ್ಲಾ ಅಂಗನವಾಡಿಯಲ್ಲೇ ಆತು" ಎನ್ನುತ್ತಿದ್ದೆ. ಆಗ ನನಗೆ ಏಳು ತಿಂಗಳು ತುಂಬಿತ್ತು. ಹೊಟ್ಟೆಯಲ್ಲಿದ್ದ ಮಗುವನ್ನು ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲ ಎಂದು ನಿಜವಾಗಿಯೂ ನಂಬಿದ್ದೆ.

ನನ್ನ ಹೆಸರು ಸುನೀತಾ. ತವರು ಜಗಳೂರು, ಮದುವೆಯಾಗಿ ಬಂದದ್ದು ನ್ಯಾಮತಿಗೆ. ಗಂಡ ಸುಧಾಕರ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸ ಮಾಡುತ್ತಾರೆ. ಮಗಳು ಹನ್ನಾಳಿಗೆ ಆಗ ನಾಲ್ಕು ವರ್ಷ. ಅತ್ತೆ ಮಾರ್ಥಮ್ಮ ನಮ್ಮ ಜೊತೆಗಿದ್ದಾರೆ. ನಾನು ಅಂಗನವಾಡಿ ಸಹಾಯಕಿ. ಮಕ್ಕಳಿಗೆ ಮತ್ತು ಬಸುರಿ-ಬಾಣಂತಿಯರಿಗೆ ಮಧ್ಯಾಹ್ನದ ಅಡುಗೆ ಮಾಡಿ ಬಡಿಸುವುದೇ ನನ್ನ ಕೆಲಸ. ನಗಬೇಡಿ. "ತಟ್ಟೆ ಖಾಲಿ ಮಾಡ್ರವ್ವ, ಮೊಟ್ಟೆ ಬಿಡಬ್ಯಾಡ್ರಿ, ಹೊಟ್ಟೇಲಿರೋದಕ್ಕೂ ಬೇಕಲ್ಲ" ಎಂದು ದಿನಾ ಐದು ಜನ ಬಸುರಿಯರಿಗೆ ಉಪದೇಶ ಮಾಡುತ್ತಿದ್ದ ಬಾಯಿಗೆ ಬೆಳಕು ಹರಿದಾಗಿನಿಂದ ಒಂದು ತೊಟ್ಟು ನೀರೂ ಬಿದ್ದಿರುತ್ತಿರಲಿಲ್ಲ.

ನಮ್ಮದು ಹದಿನೈದು ಮನೆಗಳ ಸಣ್ಣ ಸಭೆ. ಪಾಸ್ಟರ್ ಭಾನುವಾರ ಚನ್ನಗಿರಿಯಿಂದ ಬೈಕಿನಲ್ಲಿ ಬರುತ್ತಾರೆ. ಡಿಸೆಂಬರ್ ಒಂದರಿಂದ ಇಪ್ಪತ್ನಾಲ್ಕರವರೆಗೆ, ಭಾನುವಾರಗಳನ್ನು ಬಿಟ್ಟು, ನಮ್ಮ ಹೆಂಗಸರೆಲ್ಲ ಹಗಲಿಡೀ ಅನ್ನ-ನೀರು ಬಿಟ್ಟು ಉಪವಾಸ ಹಿಡಿಯುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಸಂಜೆ ಆರಕ್ಕೆ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಪ್ರಾರ್ಥಿಸಿ, ಬೆಲ್ಲದ ಚಹಾ ಕುಡಿದು ಮುರಿಯುತ್ತಾರೆ. ಬಸುರಿಯರಿಗೂ ಹಾಲುಣಿಸುವವರಿಗೂ ಇದರಿಂದ ಬಿಡುಗಡೆ ಉಂಟು. ಅತ್ತೆಯಂತೂ ನವೆಂಬರ್ ತಿಂಗಳಲ್ಲೇ ನನಗೆ ಹೇಳಿಬಿಟ್ಟಿದ್ದರು. "ನೀನು ಉಪವಾಸದ ಸುದ್ದಿಗೇ ಬರಬ್ಯಾಡ. ನಿನ್ನ ಪಾಲಿಂದೂ ನಾನೇ ಮಾಡ್ತೀನಿ. ಹೊತ್ತಿಗೆ ಸರಿಯಾಗಿ ಉಣ್ಣಾದು, ಅಷ್ಟೇ ನಿನ್ನ ಕೆಲ್ಸ."

ಆದರೆ ನನ್ನ ತಲೆಯಲ್ಲಿ ಬೇರೆಯೇ ಒಂದು ಲೆಕ್ಕ ಕೂತಿತ್ತು. ಅದಕ್ಕೂ ಎರಡು ವರ್ಷ ಹಿಂದಿನ ಕ್ರಿಸ್ಮಸ್ಸಿಗೆ ನಾನು ನಾಲ್ಕು ತಿಂಗಳ ಬಸುರಿ. ಬಿಡುಗಡೆ ಇದೆಯೆಂದು, ಎಲ್ಲರೂ ಉಪವಾಸ ಇದ್ದಾಗ ನಾನೊಬ್ಬಳೇ ಬಿಸಿ ಅನ್ನ ಕಲಸಿ ಉಂಡಿದ್ದೆ. ಜನವರಿಯಲ್ಲಿ ಆ ಮಗು ಹೊಟ್ಟೆಯಲ್ಲೇ ಹೋಯಿತು. ಯಾರೂ ನನ್ನನ್ನು ಏನೂ ಅನ್ನಲಿಲ್ಲ, ಡಾಕ್ಟರ್ ಕೂಡ ಕಾರಣ ಗೊತ್ತಾಗಲಿಲ್ಲ ಎಂದರು. ಕಾರಣ ನನಗೆ ಗೊತ್ತು ಎಂದುಕೊಂಡೆ. ಉಂಡೆ, ಅದಕ್ಕೇ ಹೋಯಿತು. ಈ ಮಾತನ್ನು ಗಂಡನ ಹತ್ತಿರವೂ ಬಾಯಿಬಿಡಲಿಲ್ಲ. ಈ ಸಲ ಬಸುರಿಯಾದ ದಿನವೇ, ಡಿಸೆಂಬರಿನಲ್ಲಿ ಒಂದು ದಿನವೂ ತಪ್ಪದೆ ಉಪವಾಸ ಹಿಡಿಯುತ್ತೇನೆ, ಮಗುವನ್ನು ಕೊಡು ಎಂದು ದೇವರಿಗೆ ಮಾತು ಕೊಟ್ಟೆ. ಭಾನುವಾರ ಎಲ್ಲರ ಜೊತೆ ಉಣ್ಣಬಹುದಾದ್ದರಿಂದ ಗುಟ್ಟು ಮುಚ್ಚಿಡುವುದೂ ಸಲೀಸಾಯಿತು.

ಡಿಸೆಂಬರ್ ಹನ್ನೊಂದಕ್ಕೆ ಹೊನ್ನಾಳಿಯಲ್ಲಿ ಸ್ಕ್ಯಾನಿಂಗ್ ಇತ್ತು. ಸುಧಾಕರ ಅಂಗಡಿಗೆ ಬೀಗ ಹಾಕಿ ಜೊತೆಗೆ ಬಂದರು. ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಪರದೆಯನ್ನು ಎರಡೆರಡು ಸಲ ನೋಡಿದರು. ಆಮೇಲೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಮಗು ಸುತ್ತ ನೀರು ಕಡಿಮೆ ಐತಮ್ಮ. ತೂಕಾನೂ ತಿಂಗಳಿಗೆ ತಕ್ಕಷ್ಟು ಏರಿಲ್ಲ. ಊಟ ಸರಿಯಾಗಿ ಮಾಡ್ತೀರಾ?"

"ಮಾಡ್ತೀನಿ ಮೇಡಂ."

"ನೀರು?"

"ಕುಡೀತೀನಿ ಮೇಡಂ."

"ಅಂಗನವಾಡೀಲೇ ಕೆಲ್ಸ ಮೇಡಂ," ಎಂದರು ನನ್ನ ಗಂಡ, ಹೆಮ್ಮೆಯಿಂದ. "ಊರಿನ ಬಸುರೇರಿಗೆಲ್ಲ ಇವಳೇ ಹೇಳಿ ಕೊಡ್ತಾಳೆ."

ನಾನು ತಲೆ ತಗ್ಗಿಸಿದೆ. ಅವರು ಅದನ್ನು ನಾಚಿಕೆ ಎಂದುಕೊಂಡಿರಬೇಕು. ಡಾಕ್ಟರಮ್ಮ ಒಂದು ವಾರದ ಗಡುವು ಕೊಟ್ಟರು. "ಹದಿನೆಂಟಕ್ಕೆ ಮತ್ತೆ ನೋಡಾಣ. ನೀರು ಇನ್ನೂ ಇಳಿದ್ರೆ ದಾವಣಗೆರೆಗೆ ಕಳಿಸ್ತೀನಿ, ಮಗೂನ ಮೊದ್ಲೇ ತೆಗೀಬೇಕಾಗ್ತದೆ. ಇಷ್ಟು ಬೇಗ ತೆಗೆದ್ರೆ ಗಾಜಿನ ಪೆಟ್ಟಿಗೇಲಿ ಇಡಬೇಕು, ಏನೂ ಹೇಳಾಕಾಗಲ್ಲ."

ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರ ನೂಕುನುಗ್ಗಲು. ಹೇಗೋ ಹತ್ತಿದ ಮೇಲೆ ಅಪರಿಚಿತ ಮುದುಕಿಯೊಬ್ಬರು ಎದ್ದು ನನಗೆ ಜಾಗ ಬಿಟ್ಟರು. ಕಿಟಕಿಗೆ ತಲೆಯಾನಿಸಿ ಕೂತೆ. ಬುದ್ಧಿಯಿದ್ದವರು ಆಗಲೇ ಗಂಡನಿಗೆ ನಿಜ ಹೇಳಿ, ಬಸ್ಸಿನಲ್ಲೇ ಬಾಟಲಿ ತೆಗೆದು ನೀರು ಕುಡಿಯುತ್ತಿದ್ದರು. ನಾನು ಏನು ಯೋಚಿಸಿದೆ ಗೊತ್ತೇ? ನನ್ನ ಉಪವಾಸ ಸಾಲುತ್ತಿಲ್ಲ, ಬೆಳಕು ಹರಿಯುವ ಮೊದಲು, ಮನೆಯವರು ಏಳದಿರುವಾಗ ನಾನು ಕದ್ದು ಕುಡಿಯುತ್ತಿದ್ದ ಅರ್ಧ ಲೋಟ ಚಹಾದಿಂದಲೇ ದೇವರು ಮುಖ ತಿರುಗಿಸಿದ್ದಾನೆ ಎಂದು. ಮರುದಿನದಿಂದ ಅದನ್ನೂ ಬಿಟ್ಟೆ. ಮಗುವಿನ ಒದೆತ ಕಡಿಮೆಯಾಯಿತು. ಒಲೆಯ ಮುಂದೆ ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಬೇಳೆ ಬೇಯುವವರೆಗೆ ಗೋಡೆ ಹಿಡಿದುಕೊಂಡು "ತಂದೆಯೇ, ಇನ್ನೇನು ಬಿಡಲಿ ಹೇಳು" ಎಂದು ಬೇಡುತ್ತಿದ್ದೆ. ಯಾವ ಉತ್ತರವೂ ಬರಲಿಲ್ಲ. ಅಷ್ಟು ಒಂಟಿಯಾಗಿ ನಾನು ಎಂದೂ ಪ್ರಾರ್ಥಿಸಿರಲಿಲ್ಲ.

ಹದಿಮೂರನೇ ತಾರೀಖು ಮಧ್ಯಾಹ್ನ ಅತ್ತೆ ಅಂಗನವಾಡಿಗೆ ಬಂದರು. ಎಂದೂ ಬಂದವರಲ್ಲ. ಸ್ಕ್ಯಾನಿಂಗ್ ಸುದ್ದಿ ಕೇಳಿದಾಗಿನಿಂದ ಜೀವ ತಡೆಯದೆ, ಅಂಗನವಾಡಿ ಊಟದ ಜೊತೆಗೆ ಇದನ್ನೂ ತಿನ್ನಲಿ ಎಂದು ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಬಾಟಲಿ ಮಜ್ಜಿಗೆ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದರು. ನಾನು ಒಳಗೆ ಅಡುಗೆಕೋಣೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹೊರಗೆ ಅಂಗನವಾಡಿ ಟೀಚರ್ ಅತ್ತೆಗೆ ಹೇಳುತ್ತಿದ್ದದ್ದು ಕೇಳಿಸಿತು.

"ಸುನೀತಾ ಇಲ್ಲಿ ಉಣ್ಣಲ್ಲಮ್ಮ. ಮನೇಲಿ ನಿಮ್ಮ ಜೊತೇಲೇ ಉಣ್ತಾಳಂತಲ್ಲ ದಿನಾ?"

ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟೆ. ಅತ್ತೆ ಒಳಗೆ ಬಂದರು, ಬಾಗಿಲು ಮುಂದೆ ಮಾಡಿದರು, ಅಕ್ಕಿ ಮೂಟೆಯ ಪಕ್ಕ ನೆಲದ ಮೇಲೆ ಕೂತರು. "ಬಾ ಇಲ್ಲಿ" ಎಂದರು. ಕೂತೆ.

"ಎಷ್ಟು ದಿನ ಆತು?"

"ಒಂದನೇ ತಾರೀಖಿಂದ."

ಬೈಯುತ್ತಾರೆ ಎಂದುಕೊಂಡೆ. ಅವರು ಗಂಟು ಬಿಚ್ಚಿ, ರೊಟ್ಟಿ ಮುರಿದು, ಪಲ್ಯ ಹಚ್ಚಿ ತಮ್ಮ ಬಾಯಿಗೇ ಇಟ್ಟುಕೊಂಡರು. ನಾನು ಗಾಬರಿಯಿಂದ ಅವರ ಕೈ ಹಿಡಿದೆ. "ಅತ್ತೆ, ಏನ್ ಮಾಡ್ತಿದೀರಿ? ಇನ್ನೂ ಹನ್ನೆರಡೂವರೆ!" ನಮ್ಮ ಮನೆಗೆ ತಾವು ಸೊಸೆಯಾಗಿ ಬಂದಾಗಿನಿಂದ ಮೂವತ್ತಾರು ಡಿಸೆಂಬರುಗಳಲ್ಲಿ, ಬಸುರಿ-ಬಾಣಂತಿಯಾಗಿದ್ದ ವರ್ಷ ಬಿಟ್ಟರೆ, ಅತ್ತೆ ಒಂದು ದಿನವೂ ಉಪವಾಸ ತಪ್ಪಿಸಿದವರಲ್ಲ. ಮಾವ ತೀರಿಕೊಂಡ ವರ್ಷವೂ ತಪ್ಪಿಸಿರಲಿಲ್ಲ. ಅವರು ಇರುವ ನಾಲ್ಕು ಹಲ್ಲಿನಲ್ಲಿ ನಿಧಾನವಾಗಿ ಅಗಿದು ನುಂಗಿದರು.

"ನಂದು ಮುರೀತು," ಎಂದರು. "ಇನ್ನು ನಿಂದು ಮುರಿ."

ಆಗ ನನ್ನ ಒಳಗಿದ್ದದ್ದು ಹೊರಗೆ ಬಂತು. "ಉಂಡ್ರೆ ಮಗು ಹೋಗ್ತದೆ ಅತ್ತೆ. ಹೋದ ಸಲ ಉಂಡಿದ್ದೆ, ಹೋತು."

ಅವರು ನನ್ನ ಮುಖವನ್ನೇ ನೋಡಿದರು. ಎರಡು ವರ್ಷ ನಾನು ಹೊತ್ತು ತಿರುಗಿದ್ದು ಏನೆಂದು ಆಗಲೇ ಅವರಿಗೆ ಗೊತ್ತಾದದ್ದು.

"ಹೋದ ಸಲ ನೀನು ಉಂಡಿದ್ದಿ. ನಾನು ಉಂಡಿರಲಿಲ್ಲ," ಎಂದರು. "ಆ ಕೂಸಿಗೋಸ್ಕರಾನೇ ಒಂದು ದಿನ ತಪ್ಪದಂಗೆ ಹಿಡಿದಿದ್ದೆ. ಹಂಗಾದ್ರೆ ನನ್ನ ಉಪವಾಸ ದೇವ್ರಿಗೆ ಸೇರಲಿಲ್ವಾ? ಕೂಸು ಹೋಗಾಕೆ ನಾನು ಕಾರಣನಾ?"

"ಇಲ್ಲ ಅತ್ತೆ! ನೀವು ಹೆಂಗಾಗ್ತೀರಿ?"

"ನಾನಲ್ಲ ಅಂದ್ಮೇಲೆ ನೀನು ಹೆಂಗಾಗ್ತಿ?"

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅತ್ತೆಯ ಕಣ್ಣಲ್ಲೂ ನೀರಿತ್ತು. "ಯಾಕೆ ಹೋತೋ ನಂಗೂ ಗೊತ್ತಿಲ್ಲ ಮಗಳೆ. ಎರಡು ವರ್ಷದಿಂದ ಕೇಳ್ತಾನೇ ಇದೀನಿ, ಆತ ಹೇಳಿಲ್ಲ. ಆದ್ರೆ ಬಸುರಿ ಹೆಂಗಸು ಒಂದು ತುತ್ತು ಉಂಡ್ಲು ಅಂತ ಕೂಸು ಕಸ್ಕಳ್ಳಾನಲ್ಲ ಆತ. ಅಂಥೋನಾಗಿದ್ರೆ ನಾನು ಇಷ್ಟು ವರ್ಷ ಆತನ ಮುಂದೆ ಮಣಕಾಲೂರಿ ಕೂರ್ತಿದ್ನಾ? ಅದಾದ್ಮೇಲೆ ನಾನು ಉಪಾಸ ಹಿಡಿಯಾದು ಏನೂ ಕೇಳಾಕಲ್ಲ. ಕೊಟ್ಟಿದ್ದಕ್ಕೆ ಸ್ತೋತ್ರ ಹೇಳಾಕೆ."

ರೊಟ್ಟಿಯ ಉಳಿದ ಅರ್ಧವನ್ನು ನನ್ನ ಕೈಗೆ ಕೊಟ್ಟರು. ಅಳುತ್ತಲೇ ತಿಂದೆ, ಮಜ್ಜಿಗೆಯ ಬಾಟಲಿಯನ್ನು ಒಂದೇ ಏಟಿಗೆ ಮುಗಿಸಿದೆ. ತಿಂದ ಕೂಡಲೇ ಮಗು ಒದೆಯಿತು ಎಂದು ಬರೆದರೆ ದೇವರ ಕೆಲಸ ಹೇಳುವ ಇಂಥ ಸಾಕ್ಷಿಗೆ ಶೋಭೆ. ಆದರೆ ಒದೆಯಲಿಲ್ಲ. ಆ ದಿನ ಸಂಜೆಯವರೆಗೂ ಕಾದೆ, ಸಣ್ಣಗೆ ಒಮ್ಮೆ ಹೊರಳಿತಷ್ಟೇ. ಆದರೂ ಅಂದು ಸಂಜೆ ಪ್ರಾರ್ಥನೆಗೆ ಕೂತಾಗ, ಎರಡು ವರ್ಷದಲ್ಲಿ ಮೊದಲ ಸಲ, ದೇವರ ಮುಂದೆ ನನಗೆ ಹೆದರಿಕೆಯಾಗಲಿಲ್ಲ.

ಸುಧಾಕರರಿಗೂ ಅಂದೇ ಹೇಳಿದೆ. ಅವರು ಸಿಟ್ಟಾಗುವುದು ಕಡಿಮೆ. ಅಂದು ಆದರು. "ನೀರಿಲ್ದೆ ಮೋಟಾರ್ ಓಡಿಸಬ್ಯಾಡ್ರಿ, ಕಾಯಿಲ್ ಸುಡ್ತದೆ ಅಂತ ದಿನಾ ಊರಿಗೆಲ್ಲ ಹೇಳ್ತೀನಿ. ನನ್ನ ಮನೇಲೇ ಹಿಂಗಾ?" ಎಂದು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಎರಡು ಲೀಟರಿನ ಬಾಟಲಿ ತಂದು ನನ್ನ ಪಕ್ಕ ಇಟ್ಟರು. ಅದರ ಕಾವಲಿಗೆ ಹನ್ನಾಳನ್ನು ನೇಮಿಸಿದರು. ಆ ಕಾವಲುಗಾರ್ತಿ ಪೊಲೀಸರಿಗಿಂತ ಬಿಗಿ. ಅಂಗನವಾಡಿಯಲ್ಲಿ ಐದು ಬಸುರಿಯರ ಸಾಲಿಗೆ ನಾನು ಆರನೆಯವಳಾದೆ. "ಮೊಟ್ಟೆ ಬಿಡಬ್ಯಾಡ್ರಕ್ಕಾ" ಎಂದು ಅವರು ನನಗೇ ಉಪದೇಶ ಮಾಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ದಿನಾ ಹನ್ನೆರಡೂವರೆಗೆ ಬುತ್ತಿ ಹಿಡಿದು ಬಂದು ನನ್ನ ಪಕ್ಕ ಕೂತು ಉಂಡು ಹೋಗುತ್ತಿದ್ದರು. ಸಭೆಯ ಹೆಂಗಸರಿಗೆ ಆಶ್ಚರ್ಯವಾಗಿ ಕೇಳಿದರೆ "ಈ ವರ್ಷ ನಂಗೆ ಇದೇ ಸೇವೆ" ಎಂದು ಮಾತು ಮುಗಿಸುತ್ತಿದ್ದರು.

ಹದಿನೆಂಟಕ್ಕೆ ಹೊನ್ನಾಳಿಗೆ ಅತ್ತೆಯೂ ಬಂದರು. ದಾರಿಯುದ್ದಕ್ಕೂ ನೀರು ಕುಡಿಸಿದ್ದರಿಂದ, ಇಳಿದ ಕೂಡಲೇ ನಾನು ಹುಡುಕಿದ್ದು ಆಸ್ಪತ್ರೆಯನ್ನಲ್ಲ, ಬಸ್ ಸ್ಟ್ಯಾಂಡಿನ ಶೌಚಾಲಯವನ್ನು. ಡಾಕ್ಟರಮ್ಮನಿಗೆ ಸ್ಕ್ಯಾನ್ ಮೇಜಿನ ಮೇಲೆ ಮಲಗುವ ಮೊದಲೇ ಎಲ್ಲ ಒಪ್ಪಿಕೊಂಡೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬೇರೆಯವರಿಗೆ ಬಡಿಸೋ ಕೈನಮ್ಮ ಇದು?" ಎಂದರು. ಬೈಗುಳ ಕೇಳುತ್ತ ಮಲಗಿದೆ. ಪರದೆ ನೋಡುತ್ತ ನೋಡುತ್ತ ಅವರ ದನಿ ಮೆತ್ತಗಾಯಿತು. "ನೀರು ಏರೈತೆ. ದಾವಣಗೆರೆ ಈಗ ಬ್ಯಾಡ. ಹಿಂಗೇ ಉಣ್ಣಿ." ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆ ನನ್ನ ಮುಖ ನೋಡಿಯೇ ತಿಳಿದುಕೊಂಡು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಅಲ್ಲೇ ಕಣ್ಣು ಮುಚ್ಚಿ ಪ್ರಾರ್ಥಿಸಿದರು.

ಆ ವರ್ಷದ ಕ್ರಿಸ್ಮಸ್ ನಮ್ಮ ಮನೆಯಲ್ಲಿ ಗದ್ದಲವಿಲ್ಲದೆ ನಡೆಯಿತು. ಸುಧಾಕರ ಬಾಗಿಲಿಗೆ ನಕ್ಷತ್ರ ಕಟ್ಟಿದರು. ಅತ್ತೆ ಕರ್ಜಿಕಾಯಿ ಕರಿದರು, ನಾನು ಕೂತಲ್ಲೇ ಹೂರಣ ತುಂಬಿಕೊಟ್ಟೆ, ಹನ್ನಾ ತುಂಬುವುದಕ್ಕಿಂತ ಹೆಚ್ಚು ತಿಂದಳು. ಹಬ್ಬದ ಬೆಳಗ್ಗೆ ಆರಾಧನೆಯಲ್ಲಿ ಪಾಸ್ಟರ್, ಯೇಸುವಿನ ತಾಯಿ ಮರಿಯಳು ತುಂಬು ಬಸುರಿಯಾಗಿ ಮಾಡಿದ ಪ್ರಯಾಣದ ಬಗ್ಗೆ ಬೋಧಿಸುತ್ತಿದ್ದಾಗ ಮಗು ಒಳಗಿನಿಂದ ಎಷ್ಟು ಜೋರಾಗಿ ಒದೆಯಿತೆಂದರೆ, ತೊಡೆಯ ಮೇಲಿದ್ದ ಹಾಡಿನ ಪುಸ್ತಕ ಜಾರಿ ಬಿತ್ತು.

ಫೆಬ್ರವರಿಯಲ್ಲಿ, ತಿಂಗಳು ತುಂಬಿ, ನಾರ್ಮಲ್ ಹೆರಿಗೆಯಾಗಿ ಹೆಣ್ಣು ಮಗು ಹುಟ್ಟಿತು. ಎರಡೂಮುಕ್ಕಾಲು ಕೆ.ಜಿ. ಪೆಟ್ಟಿಗೆಯ ಅಗತ್ಯವೇ ಬೀಳಲಿಲ್ಲ. ನನ್ನ ಮೊಂಡುತನದ ನಡುವೆಯೂ ಆ ಜೀವವನ್ನು ಕಾದ ಕರ್ತನಿಗೆ ಕೋಟಿ ಸ್ತೋತ್ರ. ನಾನು ಆಕಾಶದಿಂದ ಆತನ ಉತ್ತರಕ್ಕೆ ಕಾಯುತ್ತಿದ್ದೆ. ಆತ ಅತ್ತೆಯ ಕೈಯಲ್ಲಿ ರೊಟ್ಟಿ ಕಳಿಸಿದ. ಇದನ್ನು ಓದುತ್ತಿರುವ ಯಾರಾದರೂ ಬಸುರಿ ತಂಗಿ ನನ್ನಂತೆಯೇ ಗುಟ್ಟಿನ ಹರಕೆ ಹೊತ್ತಿದ್ದರೆ, ದಯವಿಟ್ಟು ಮೊದಲು ಉಣ್ಣಿ. ಉಂಡು ಪ್ರಾರ್ಥಿಸಿದರೂ ಆತನಿಗೆ ಕೇಳಿಸುತ್ತದೆ.

ಮಗುವನ್ನು ಮನೆಗೆ ತಂದ ದಿನ ಸಂಜೆ ಎಲ್ಲರೂ ಪ್ರಾರ್ಥನೆಗೆ ಕೂತೆವು. ಅತ್ತೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. "ತಂದೆ, ಈ ಮನೆಗೆ ಮೂರು ಕೂಸು ಕೊಟ್ಟಿದ್ದಕ್ಕೆ ಸ್ತೋತ್ರ," ಎಂದರು.

ಹನ್ನಾ ಒಂದು ಕಣ್ಣು ತೆರೆದಳು. "ಅಜ್ಜಿ, ನಾವು ಇಬ್ರೇ ಇರಾದು."

"ಇನ್ನೊಂದು ಆತನ ಹತ್ರ ಐತೆ ಕಣವ್ವ," ಎಂದರು ಅತ್ತೆ, ಕಣ್ಣು ತೆರೆಯದೆ. "ಅದನ್ನ ಬಿಟ್ಟು ಎಣಿಸಬಾರ್ದು."

ಎರಡು ವರ್ಷ ನಮ್ಮ ಮನೆಯಲ್ಲಿ ಯಾರೂ ಆ ಮಗುವಿನ ಮಾತೆತ್ತಿರಲಿಲ್ಲ. ನಾನೇ ಎತ್ತಗೊಟ್ಟಿರಲಿಲ್ಲ. ಅಂದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಾನೇ ಆಮೆನ್ ಎಂದೆ.